ಹಳದಿ ಎಳೆಗೆ ಒಂದೇ ಗಂಟು

ನನ್ನ ತಂಗಿ ಚೆಲುವಿಯನ್ನು ಊರೆಲ್ಲ ಹೊಗಳುತ್ತದೆ. ಹೊಗಳಲಿ, ನನಗೇನಂತೆ ಎಂದು ಈ ಕಥೆ ಶುರು ಮಾಡಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ಅವಳ ಹೆಸರನ್ನು ಯಾರಾದರೂ ನಗುಮುಖದಿಂದ ಎತ್ತಿದರೆ ಸಾಕು, ನನ್ನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತದೆ. ನನಗೀಗ ಐವತ್ತೆರಡು, ಅವಳಿಗೆ ನಲವತ್ತನಾಲ್ಕು. ಅವಳು ಹುಟ್ಟಿದ ದಿನ ಅಪ್ಪ ನನ್ನನ್ನು ತೊಡೆಯಿಂದ ಇಳಿಸಿ ಅವಳನ್ನು ಎತ್ತಿಕೊಂಡರು. ಅವತ್ತಿನಿಂದ ಲೆಕ್ಕ ಇಟ್ಟುಕೊಂಡರೂ ತಪ್ಪಿಲ್ಲ.

ನಮ್ಮೂರಿನಲ್ಲಿ ಬರೆದದ್ದು ನಿಲ್ಲುವುದಿಲ್ಲ. ಬಳಪದಲ್ಲಿ ಬರೆಯಲಿ, ಮಸಿಯಲ್ಲಿ ಬರೆಯಲಿ, ಕಲ್ಲಿನ ಮೇಲೆ ಉಳಿ ಹಿಡಿದು ಕೆತ್ತಲಿ, ಮರುದಿನ ಎದ್ದು ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಹೊರಗಿನಿಂದ ಬಂದವರು ಇದಕ್ಕೆ ಬಾಯಿ ಬಾಯಿ ಬಿಡುತ್ತಾರೆ. ನಮಗೆ ಬಾವಿಗಳಿವೆ, ನಾವು ತಲೆ ಕೆಡಿಸಿಕೊಂಡಿಲ್ಲ. ಯಾರು ಹುಟ್ಟಿದರು, ಯಾರು ಯಾರನ್ನು ಮದುವೆಯಾದರು, ಯಾವ ಹಿತ್ತಲು ಯಾರಿಗೆ ಸೇರಬೇಕು, ಎಲ್ಲವನ್ನೂ ಬಾವಿಗೆ ಹೇಳುತ್ತೇವೆ. ಬೇಕಾದಾಗ ಕಟ್ಟೆಗೆ ಬಗ್ಗಿ ಕೂಗಿ ಕೇಳುತ್ತೇವೆ. ಬಾವಿ ತಳದಿಂದ ಗುಂಯ್ ಅನ್ನುತ್ತದೆ. ಆ ಸದ್ದಿನಲ್ಲಿರುವ ಮಾತು ಬಾವಿ ಕಾಯುವವರ ಕಿವಿಗೆ ಮಾತ್ರ ತಿಳಿಯುತ್ತದೆ. ನಾವು ಅದನ್ನು ಬಿಡಿಸಿ ಹೇಳುತ್ತೇವೆ.

ಬಾವಿಗಳು ಮೂರು. ನಮ್ಮ ಮನೆಯ ಮುಂದಿನ ದೊಡ್ಡಬಾವಿ ನನ್ನದು, ಹುಣಸೆಬಾವಿ ಚೆಲುವಿಯದು, ಗರಡಿಬಾವಿ ಈರಯ್ಯಜ್ಜನದು. ಹೊಸ ಸಂಗತಿ ಏನಿದ್ದರೂ ದೊಡ್ಡಬಾವಿಗೇ ಹೇಳಬೇಕು, ಅದೇ ಅದರ ಹಿರಿತನ. ಅಲ್ಲಿ ಹೇಳಿದ್ದು ಒಂದು ಪಾತ್ರೆ ಅನ್ನ ಬೇಯುವಷ್ಟರಲ್ಲಿ ಉಳಿದೆರಡು ಬಾವಿಗಳಿಗೂ ತಿಳಿದಿರುತ್ತದೆ. ಕೇಳುವುದನ್ನು ಮಾತ್ರ ಮೂರರಲ್ಲಿ ಎಲ್ಲಿ ಬೇಕಾದರೂ ಕೇಳಬಹುದು. ದೊಡ್ಡಬಾವಿ ಯಾವಾಗಲಾದರೂ ಮೂಕವಾದರೆ ಅದರ ಬಾಯಿಗೆ ಚಾಪೆ ಮುಚ್ಚುತ್ತೇವೆ, ಅಷ್ಟು ದಿನ ಹಿರಿತನ ಹುಣಸೆಬಾವಿಗೆ. ದನಿ ಮರಳಿದ ತಕ್ಷಣ ಚಾಪೆ ತೆಗೆಯುವಂತಿಲ್ಲ. ಚಾಪೆಯ ಕೆಳಗೆ ಸುಮ್ಮನಿದ್ದು, ತಾನು ಮೂಕವಾಗಿದ್ದಾಗ ಆದದ್ದನ್ನೆಲ್ಲ ಅದು ಕೇಳಿಸಿಕೊಳ್ಳಬೇಕು. ಆಮೇಲೆ ಊರವರು ಕೂತು ಹಿರಿತನ ಯಾವ ಬಾವಿಗೆಂದು ಹೇಳುತ್ತಾರೆ. ನನ್ನ ಕಾಲದಲ್ಲಿ ಪ್ರತಿ ಸಲವೂ ಅದು ನನಗೇ ಮರಳಿತ್ತು.

ಯಾವ ಮನೆಯವರು ಯಾವ ಬಾವಿಗೆ ಹೋಗಬೇಕೆಂಬುದಕ್ಕೆ ದಾರವಿದೆ. ಪ್ರತಿ ಮನೆಯ ಬಾಗಿಲ ಗೂಟಕ್ಕೂ ಒಂದು ದಾರ. ಅದಕ್ಕೆ ಎರಡು ಎಳೆ, ಒಂದು ಕೇಳುವುದಕ್ಕೆ, ಒಂದು ಹೇಳುವುದಕ್ಕೆ. ಕೆಂಪು ಅಂದರೆ ದೊಡ್ಡಬಾವಿ, ಹಳದಿ ಅಂದರೆ ಹುಣಸೆಬಾವಿ, ನೀಲಿ ಅಂದರೆ ಗರಡಿಬಾವಿ. ಒಂದೊಂದು ಎಳೆಯ ಮೇಲೂ ಬಣ್ಣಗಳು ಯಾವ ಕ್ರಮದಲ್ಲಿವೆಯೋ ಆ ಕ್ರಮದಲ್ಲಿ ಬಾವಿಗಳಿಗೆ ಹೋಗಬೇಕು. ಬಣ್ಣದ ಮೇಲೆ ಎಷ್ಟು ಗಂಟಿದೆಯೋ ಅಷ್ಟು ಸಲ ಕೂಗಬೇಕು, ಒಂದೊಂದು ಕೂಗಿಗೂ ಹತ್ತು ಉಸಿರು ಕಾಯಬೇಕು. ಓಗೊಡದಿದ್ದರೆ ಮುಂದಿನ ಬಣ್ಣ. ಹೇಳುವ ಎಳೆಯಲ್ಲಿ ಕೆಂಪು ಹಳದಿ ಎರಡೇ, ಹಳದಿಯೂ ಸುಮ್ಮನಿದ್ದರೆ ತಿರುಗಿ ಕೆಂಪಿಗೆ. ಈ ದಾರಗಳನ್ನು ಕಟ್ಟುವ ಕೆಲಸ ದೊಡ್ಡಬಾವಿಯವರದು, ಅಂದರೆ ನನ್ನದು. ಮುನ್ನೂರು ಮನೆಯ ದಾರ ಈ ಬೆರಳುಗಳಲ್ಲಿ ಹಾದುಹೋಗಿದೆ. ನಾನು ಕಟ್ಟಿದಂತೆ ಊರು ನಡೆಯುತ್ತಿತ್ತು. ಆ ಸುಖವನ್ನು ಹೇಗೆ ಹೇಳಲಿ.

ಮೊದಲು ಎಲ್ಲರ ದಾರವೂ ಕೆಂಪಿನಿಂದಲೇ ಶುರುವಾಗುತ್ತಿತ್ತು. ನನ್ನ ಬಾವಿಯ ಮುಂದಿನ ಸಾಲು ಗಾಣದ ಮನೆಯವರೆಗೆ ಬೆಳೆಯುತ್ತಿತ್ತು. ಮುತ್ತಜ್ಜಿಯ ಹೆಸರು ಕೇಳಲು ಬಂದವರು ಮಧ್ಯಾಹ್ನದ ಊಟ ಕಟ್ಟಿಕೊಂಡು ಬರುತ್ತಿದ್ದರು. ಜನ ಗೊಣಗಿದರು. ಊರ ಯಜಮಾನ ಮಲ್ಲಪ್ಪಶೆಟ್ಟರು ಒಂದು ದಿನ ಕಟ್ಟೆಯ ಮೇಲೆ ಬಂದು ಕೂತರು.

"ನೋಡಮ್ಮ ದೇವೀರಮ್ಮ, ಮೂರು ಬಾವಿ ಇಟ್ಕೊಂಡು ಒಂದಕ್ಕೇ ಎಲ್ರೂ ಮುಗಿಬೀಳೋದು ಯಾವ ನ್ಯಾಯ? ನೂರು ಮನೆಗೆ ಕೇಳೋದಕ್ಕೆ ಮೊದಲು ಕೆಂಪು, ನೂರು ಮನೆಗೆ ಹಳದಿ, ನೂರು ಮನೆಗೆ ನೀಲಿ. ಹೇಳೋದು ಹೆಂಗೂ ನಿಮ್ಮಲ್ಲೇ ಇರುತ್ತೆ."

"ನನ್ನ ಬಾವಿ ಯಾವತ್ತಾದ್ರೂ ತಪ್ಪು ಉತ್ತರ ಹೇಳಿದ್ಯಾ ಶೆಟ್ರೇ?"

"ತಪ್ಪಿಲ್ಲ ತಾಯಿ. ತಪ್ಪೋಕೆ ಮುಂಚೆ ಭಾರ ಇಳಿಸೋಣ ಅಂತ."

ಶೆಟ್ಟರು ಹೇಳಿದ ಹಾಗೆ ಕಟ್ಟಿಕೊಟ್ಟೆ. ಹದಿನೈದು ದಿನ ಕಳೆದಿರಲಿಲ್ಲ, ಕೆಂಪಿನ ಪಾಲಿಗೆ ಬಂದ ಮನೆಯವರು ಒಬ್ಬೊಬ್ಬರಾಗಿ ದಾರ ಹಿಡಿದುಕೊಂಡು ನನ್ನ ಹತ್ತಿರವೇ ಬಂದರು. ತಮಗೂ ಮೊದಲು ಹಳದಿ ಹಾಕಿಕೊಡಬೇಕಂತೆ. ಯಾಕೆ ಎಂದರೆ, ಚೆಲುವಕ್ಕ ಹುಣಸೆಮರದ ನೆರಳಲ್ಲಿ ಕೂರಿಸುತ್ತಾಳೆ, ಮಜ್ಜಿಗೆ ಕೊಡುತ್ತಾಳೆ, ಕೆಟ್ಟ ಸುದ್ದಿಯಾದರೆ ಕೈ ಹಿಡಿದುಕೊಂಡು ಹೇಳುತ್ತಾಳೆ. ನಾನೂ ಇಪ್ಪತ್ತಾರು ವರ್ಷ ಉತ್ತರ ಹೇಳಿದ್ದೇನೆ. ಬಾವಿ ಅಂದದ್ದನ್ನು ಅಂದ ಹಾಗೆಯೇ ಹೇಳುವುದು ನನ್ನ ರೀತಿ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಸರಿಯಾದ ಉತ್ತರಕ್ಕೆ ಮಜ್ಜಿಗೆ ಯಾಕೆ ಬೇಕು?

ಹುಣಸೆಬಾವಿ ಬಲು ಆಳ. ಓಗೊಡುವುದು ನಿಧಾನ. ಮೊದಲ ಕೂಗು ತಳ ಮುಟ್ಟುವುದಕ್ಕೇ ಹತ್ತು ಉಸಿರು ಬೇಕು, ಉತ್ತರ ಬರುವುದು ಎರಡನೆಯದಕ್ಕೋ ಮೂರನೆಯದಕ್ಕೋ. ಇದು ಬಾವಿ ಕಾಯುವ ನಮಗೆ ಮೂವರಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಯುಗಾದಿಗೆ ಎಲ್ಲ ಮನೆಯ ದಾರವನ್ನೂ ಹೊಸದಾಗಿ ಕಟ್ಟುವ ಪದ್ಧತಿ. ಆ ಸಲ ನಾನು ಬಣ್ಣದ ಸಾಲನ್ನು ಮುಟ್ಟಲಿಲ್ಲ, ಶೆಟ್ಟರು ಹೇಳಿದಂತೆಯೇ ಇಟ್ಟೆ. ಹಳದಿಗೆ ಮಾತ್ರ ಮೂರರ ಬದಲು ಒಂದೇ ಗಂಟು ಹಾಕಿದೆ. ಮುನ್ನೂರು ದಾರಕ್ಕೂ. ಕೇಳುವ ಎಳೆಗೂ ಅಷ್ಟೇ, ಹೇಳುವ ಎಳೆಗೂ ಅಷ್ಟೇ.

ಹಳದಿ ಸಿಕ್ಕವರು ಹೋಗಿ ಒಂದು ಸಲ ಕೂಗಿದರು, ಹತ್ತು ಉಸಿರು ಕಾದರು, ಉತ್ತರ ಬರುವಷ್ಟರಲ್ಲಿ ಎದ್ದು, ಮುಂದಿನ ಬಣ್ಣ ಕೆಂಪಾದ್ದರಿಂದ, ನನ್ನ ಬಾವಿಗೆ ನಡೆದರು. ನಮ್ಮ ಜನ ದಾರ ಮೀರುವವರಲ್ಲ. ಸಾಲು ತಿರುಗಿ ಗಾಣದ ಮನೆ ಮುಟ್ಟಿತು, ಅದನ್ನೂ ದಾಟಿತು. ನನ್ನ ಗಂಟಲು ಒಣಗಿತು, ಸೊಂಟ ಹಿಡಿದುಕೊಂಡಿತು. ಆದರೂ ಅಂಥ ನಿದ್ದೆ ನನಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಹುಣಸೆಮರದ ಕೆಳಗೆ ಚೆಲುವಿ ಒಬ್ಬಳೇ ನೊಣ ಓಡಿಸುತ್ತ ಕೂತಿದ್ದಾಳೆಂದು ನೆನೆಸಿಕೊಂಡೇ ಮಲಗುತ್ತಿದ್ದೆ.

ಎರಡು ತಿಂಗಳಿಗೆ ದೊಡ್ಡಬಾವಿ ಮೂಕವಾಯಿತು. ಮೊದಲು ಗುಂಯ್ ಅನ್ನುವುದು ಗೊರಗೊರ ಆಯಿತು, ಆಮೇಲೆ ಅದೂ ಇಲ್ಲ. ಅಷ್ಟು ಜನ ಒಂದೇ ಬಾವಿಯನ್ನು ಕೂಗಿದರೆ ಇನ್ನೇನಾಗುತ್ತದೆ? ಚಾಪೆ ಮುಚ್ಚಿದೆವು. ಹಿರಿತನ ಹುಣಸೆಬಾವಿಗೆ ಹೋಯಿತು.

ಅಲ್ಲಿಯೂ ನನ್ನ ಒಂದು ಗಂಟು ಕಾದಿತ್ತು. ಹೇಳಲು ಹೋದವರೂ ಒಂದು ಸಲ ಕೂಗಿ ಏಳುತ್ತಿದ್ದರು. ಆದರೆ ಈಗ ಹಿರಿತನ ತನ್ನದು, ತನ್ನ ಮಾತು ನಡೆಯುತ್ತದೆ ಎಂದು ಚೆಲುವಿ ಕಟ್ಟೆಯ ಮೇಲೆ ನಿಂತು ಹೋಗುವವರನ್ನು ಕೈಹಿಡಿದು ಕೂರಿಸಿದಳಂತೆ. "ಇರ್ರೀ, ಇರ್ರೀ, ಬಾವಿ ನಿಧಾನ, ಇನ್ನೊಂದ್ಸಲ ಕೂಗಿ" ಎಂದು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದಳಂತೆ. ಊರು ಸಲೀಸಾಗಿ ನಡೆಯಿತು. ನನ್ನ ಬಾವಿಯಿಲ್ಲದೆ ಊರು ನಡೆಯಿತಲ್ಲ, ಅದು ನನ್ನ ಎದೆಗೆ ಗುದ್ದಿದಂತಾಯಿತು.

ನಾಲ್ಕನೆಯ ದಿನ ಬೆಳಗ್ಗೆ ಚಾಪೆಯ ಕೆಳಗಿನಿಂದ ಸಣ್ಣಗೆ ಗುಂಯ್ ಕೇಳಿತು. ಕುಣಿದಾಡುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಹಾಲು ಹಾಕುವ ಗಿರಿಜವ್ವ ಹೊಸ್ತಿಲಲ್ಲಿ ನಿಂತು ಹೇಳಿದಳು, "ಈ ಸಲ ಹಿರಿತನ ಚೆಲುವಕ್ಕನತ್ರಾನೇ ಉಳಿಸೋಣ ಅಂತ ಶೆಟ್ರು ಮಾತಾಡ್ತಿದ್ರು ಕಣಕ್ಕ. ನಿಮಗೂ ವಯಸ್ಸಾಯ್ತಲ್ಲ, ಸ್ವಲ್ಪ ಸುಧಾರಿಸ್ಕೊಳ್ಲಿ ಅಂತ."

ಹಾಲಿನ ಪಾತ್ರೆ ಒಳಗಿಟ್ಟು ಬಂದೆ. ಚಾಪೆಯನ್ನು ಕಿತ್ತು ಬಿಸಾಡಿದೆ. ಕಟ್ಟೆಗೆ ಬಗ್ಗಿ, ಬಾಯಿಗೆ ಕೈ ಮರೆಮಾಡಿಕೊಂಡು, ದೊಡ್ಡಬಾವಿಗೆ ನಾನೇ ಒಂದು ಮಾತು ಹೇಳಿದೆ: "ಹುಣಸೆಬಾವಿಯ ಮಾತಿಗೆ ಚೆಲುವಿ ತನ್ನ ಮಾತು ಬೆರೆಸಿ ಹೇಳುತ್ತಾಳೆ." ಅದು ಅಪ್ಪಟ ಸುಳ್ಳು. ಆದರೆ ನಮ್ಮೂರಿನಲ್ಲಿ ಬಾವಿಗೆ ಹೇಳಿದ್ದೇ ಸತ್ಯ. ಇನ್ನು ಒಂದು ಪಾತ್ರೆ ಅನ್ನ ಬೇಯುವಷ್ಟರಲ್ಲಿ ಮೂರು ಬಾವಿಗೂ ತಿಳಿಯುತ್ತದೆ, ಯಾರಾದರೂ ಕೇಳಿದರೆ ಗರಡಿಬಾವಿಯೂ ಅದನ್ನೇ ಅನ್ನುತ್ತದೆ ಎಂದುಕೊಂಡೆ.

ಕೈ ಒರೆಸಿಕೊಂಡು ತಿರುಗಿದರೆ ರಂಗಜ್ಜಿ. ಹಪ್ಪಳದ ರಂಗಜ್ಜಿ, ಕೀಲುಕೀಲು ನೋವು, ಉಸಿರು ಮೇಲೆ ಕೆಳಗೆ. ಸಾಕುಮಗಳು ನಿಂಗಿ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಬೆವರಿನಲ್ಲಿ ತೊಯ್ದು ಹೋಗಿದ್ದಳು. ಅಜ್ಜಿ ಕಟ್ಟೆ ಹಿಡಿದು ಬಗ್ಗಿ ತಾನೇ ಹೇಳಿದಳು. "ನನ್ನ ಮನೆ, ಹಿತ್ಲು, ಹಪ್ಪಳದ ಕಲ್ಲು, ಎಲ್ಲ ನಿಂಗಿಗೆ. ತಮ್ಮನ ಮಗ ಸೋಮಣ್ಣಂಗೆ ಏನೂ ಇಲ್ಲ." ದೊಡ್ಡಬಾವಿ ಗುಂಯ್ ಎಂದು ತೆಗೆದುಕೊಂಡಿತು. ಕಟ್ಟೆಯ ಪಕ್ಕದಲ್ಲೇ ಚಾಪೆ ಬಿದ್ದಿತ್ತು. ಹಿರಿತನ ಇಲ್ಲಿಲ್ಲ, ಅಲ್ಲಿಗೆ ಹೋಗಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಬಾವಿಯ ಮುಂದೆ ಮತ್ತೆ ಜನ ಬಂದರಲ್ಲ ಎಂಬ ಹಿಗ್ಗಿನಲ್ಲಿ ಅಜ್ಜಿಗೆ ನೀರು ಕೊಟ್ಟು ಕಳಿಸಿದೆ. ಅಂದು ಸಂಜೆ ರಂಗಜ್ಜಿ ತೀರಿಕೊಂಡಳು.

ಮಾರನೆಯ ಮಧ್ಯಾಹ್ನ ಈರಯ್ಯಜ್ಜ ಕೋಲೂರಿಕೊಂಡು ನಮ್ಮ ಮನೆಗೆ ಬಂದ. ಎಂದೂ ತನ್ನ ಬಾವಿ ಬಿಟ್ಟು ಬಂದವನಲ್ಲ.

"ಏನವ್ವ ದೇವೀರಿ, ನನ್ನ ಬಾವಿ ತೊದಲ್ತಾ ಐತೆ. ಆ ಕಡೆಯಿಂದ ಒಂದು ಮಾತು, ಈ ಕಡೆಯಿಂದ ಒಂದು ಮಾತು. ಯಾರ್ನ ನಂಬ್ಬೇಕು ಅಂತ ತಿಳೀದೆ ಬಾಯಿ ಮುಚ್ಕೊಂಡು ಕೂತೈತೆ. ಚಾಪೆ ತೆಗ್ದಾ?"

ಕಟ್ಟೆಯ ಪಕ್ಕ ಬಿದ್ದಿದ್ದ ಚಾಪೆಯನ್ನು ಮಡಚಿ ಗೋಡೆಗೆ ಒರಗಿಸಿದೆ.

"ಎರಡು ಬಾವಿ ಒಂದೇ ದಿನ ಹಿರಿತನ ಮಾಡಿದ್ರೆ ಊರಿಗೆ ಎರಡು ಸತ್ಯ ಆಗ್ತದೆ ಕಣವ್ವ. ಈಗ ನಿನ್ನ ಬಾವೀನೂ ಅವಳ ಬಾವೀನೂ ಒಂದರ ಮಾತು ಒಂದು ಕೇಳ್ತಿಲ್ಲ." ಅಜ್ಜ ಪಂಚೆಯ ತುದಿಯ ಗಂಟು ಬಿಚ್ಚಿ ಸುಣ್ಣದ ಉಂಡೆ ತೆಗೆದು ನನ್ನ ಕೈಯಲ್ಲಿಟ್ಟ. "ಬಾವಿಗೆ ಈ ಸುಣ್ಣ ಬಿಡು. ಚಾಪೆ ತೆಗೆದ ಮೇಲೆ ಅದು ಕೇಳಿದ್ದೆಲ್ಲ ಮರೆತುಹೋಗ್ತದೆ. ಆಮೇಲೆ ತಿರುಗಾ ಚಾಪೆ ಮುಚ್ಚು, ಎರಡೂ ಸರಿಹೋಗ್ತವೆ. ಊರಿಗೆ ನಾನೇನೂ ಹೇಳಾಕಿಲ್ಲ."

ಆ ಉಂಡೆ ನನ್ನ ಪಾಲಿಗೆ ದೇವರೇ ಕೊಟ್ಟಂತಿತ್ತು. ನನ್ನ ಸುಳ್ಳು ತಳದಲ್ಲೇ ಕರಗಿಹೋಗುತ್ತದೆ. ಚೆಲುವಿಗೆ ಗೊತ್ತಾಗುವುದಿಲ್ಲ. ಶೆಟ್ಟರಿಗೆ ಗೊತ್ತಾಗುವುದಿಲ್ಲ. ಮುಂದಿನ ಕೂಟದಲ್ಲಿ ಹಿರಿತನ ಕೇಳಿ ಪಡೆಯಬಹುದು. ಕೈ ಚಾಚಿ ಕಟ್ಟೆಗೆ ಬಗ್ಗಿಯೂ ಬಿಟ್ಟೆ. ಆಗ ನಿಂಗಿ ಬಂದಳು.

ತಲೆ ಬಾಚಿರಲಿಲ್ಲ. ಕೈಯಲ್ಲಿ ಮನೆಯ ದಾರ ಹಿಡಿದಿದ್ದಳು. "ದೇವೀರಕ್ಕ, ಸೋಮಣ್ಣ ಇವತ್ತು ಬೆಳಗ್ಗೆ ಹುಣಸೆಬಾವಿಗೆ ಮನೆ ತನ್ನದು ಅಂತ ಹೇಳಿ ಬಂದವ್ನೆ. ಅಜ್ಜಿಗೆ ಇನ್ಯಾರೂ ಇಲ್ಲ ಅಂತ ಬಾವೀನೂ ತಗೊಂಡ್ಬಿಟ್ಟದೆ. ಸಂಜೆಯೊಳಗೆ ಹೊರಗೆ ನಡಿ ಅಂತಾನೆ. ಅಜ್ಜಿ ಹೇಳಿದ್ದು ನಿಮ್ಮ ಬಾವಿಲಿ ಐತಲ್ವಾ ಅಕ್ಕ?"

"ನೀವು ಯಾಕೆ ಹುಣಸೆಬಾವಿಗೆ ಹೋಗ್ಲಿಲ್ಲ? ಹಿರಿತನ ಅಲ್ಲಿತ್ತಲ್ಲ?" ನನ್ನ ಬಾಯಿಂದ ಗದರಿಕೆಯೇ ಬಂತು. ತಪ್ಪು ನನ್ನದಾದಾಗ ನನಗೆ ಮೊದಲು ಬರುವುದು ಗದರಿಕೆ.

"ಹೋಗಿದ್ವಲ್ಲಕ್ಕ. ಮೊದಲು ಇಲ್ಲಿ ಬಂದ್ರೆ ಚಾಪೆ ಇತ್ತು. ಅಲ್ಲಿಗೆ ಹೊತ್ಕೊಂಡು ಹೋದೆ. ಚೆಲುವಕ್ಕ ಮಜ್ಜಿಗೆ ಕಡೆಯೋಕೆ ಒಳಗೆ ಹೋಗಿದ್ರು. ಒಂದು ಸಲ ಕೂಗಿದ್ವಿ, ಹತ್ತು ಉಸಿರು ಕಾದ್ವಿ. ಇನ್ನೊಂದ್ಸಲ ಕೂಗಾಣ ಅಂದೆ ನಾನು. ಅಜ್ಜಿ ದಾರ ಸವರಿ ನೋಡಿ, ಇಲ್ಲ ಕಣೆ, ಒಂದೇ ಗಂಟು, ದೇವೀರಿ ಸುಮ್ನೆ ಕಟ್ಟಾಕಿಲ್ಲ ಅಂದ್ಲು. ತಿರುಗಾ ಇಲ್ಲಿಗೆ ಹೊತ್ಕೊಂಡು ಬಂದೆ."

ದೇವೀರಿ ಸುಮ್ಮನೆ ಕಟ್ಟುವುದಿಲ್ಲ. ಸಾಯುವ ಮುದುಕಿ ನನ್ನ ಮೇಲೆ ಅಷ್ಟು ನಂಬಿಕೆಯಿಟ್ಟು ಊರಿನ ಆ ತುದಿಯಿಂದ ಈ ತುದಿಗೆ ಹೊರಿಸಿಕೊಂಡು ಬಂದಿದ್ದಳು. ಸುಣ್ಣದ ಉಂಡೆ ನನ್ನ ಮುಷ್ಟಿಯಲ್ಲಿ ಬೆವರಿಗೆ ಪುಡಿಯಾಗಿ ಅಂಗೈ ಸುಡತೊಡಗಿತು.

ಸುಣ್ಣ ಬಿಟ್ಟರೆ ನನ್ನ ಸುಳ್ಳಿನ ಜೊತೆ ಅಜ್ಜಿಯ ಮಾತೂ ಹೋಗುತ್ತದೆ. ಅಜ್ಜಿ ಇನ್ನೊಮ್ಮೆ ಬಂದು ಹೇಳುವುದಿಲ್ಲ. ನಾನು ಕೇಳಿದ್ದೆ ಎಂದು ಹೇಳಿದರೆ ನಡೆಯುವುದಿಲ್ಲ, ಬಾವಿಯಲ್ಲಿಲ್ಲದ ಮಾತಿಗೆ ನಮ್ಮೂರಿನಲ್ಲಿ ಬೆಲೆಯಿಲ್ಲ. ಉಳಿದದ್ದು ಒಂದೇ ದಾರಿ. ದೊಡ್ಡಬಾವಿ ಚಾಪೆಯಿಲ್ಲದೆ ಕೇಳಿದ್ದನ್ನೆಲ್ಲ ಅದರ ಕಾವಲಿನವರು ಹಿರಿಬಾವಿಗೆ ತಮ್ಮ ಬಾಯಿಂದ ಮತ್ತೆ ಹೇಳಬೇಕು, ಊರವರ ಮುಂದೆ, ಗಟ್ಟಿಯಾಗಿ. ಕೇಳಿದ ಕ್ರಮದಲ್ಲೇ ಹೇಳಬೇಕು. ನಡುವೆ ಒಂದು ಬಿಟ್ಟರೂ ಬಾವಿ ಮುಂದಿನದನ್ನು ತೆಗೆದುಕೊಳ್ಳುವುದಿಲ್ಲ. ಹಾಗೆ ಹೇಳಿದರೆ ಯಾರು ಮೊದಲು ಹೇಳಿದ್ದರೋ ಅವರದೇ ನಿಲ್ಲುತ್ತದೆ, ಅಂದರೆ ಸೋಮಣ್ಣನದು ಬೀಳುತ್ತದೆ. ಆದರೆ ಅಜ್ಜಿಯ ಮಾತು ಎರಡನೆಯದು. ಮೊದಲನೆಯದು ನನ್ನದು.

ನಿಂಗಿ ಉತ್ತರಕ್ಕೆ ಕಾಯುತ್ತಿದ್ದಳು. ಈರಯ್ಯಜ್ಜ ನನ್ನ ಮುಷ್ಟಿಯನ್ನೇ ನೋಡುತ್ತಿದ್ದ. ನಾನು ಕೈಯನ್ನು ಸೆರಗಿಗೆ ಒರೆಸಿ, "ನಡಿ" ಎಂದೆ.

ಹುಣಸೆಮರದ ಕೆಳಗೆ ಅರ್ಧ ಊರು ಸೇರಿತು. ಮಲ್ಲಪ್ಪಶೆಟ್ಟರು ಬಂದರು. ಸೋಮಣ್ಣ ಮೀಸೆ ತಿರುವುತ್ತ ನಿಂತ. ಚೆಲುವಿ ನನ್ನನ್ನು ನೋಡಿ, "ಬಾ ಅಕ್ಕ, ಬಿಸಿಲಲ್ಲಿ ಬಂದಿದೀಯ, ಮೊದಲು ಕೂತ್ಕೊ" ಎಂದಳು. ಅವಳ ಆ ಮೆತ್ತನೆಯ ದನಿ ಕೇಳಿ, ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು. ಕೂರಲಿಲ್ಲ. ಕಟ್ಟೆ ಹತ್ತಿ ಬಗ್ಗಿ ಕೂಗಿದೆ. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಬಾವಿ ಓಗೊಟ್ಟಿತು.

"ದೊಡ್ಡಬಾವಿ ಕೇಳಿದ ಮೊದಲನೆ ಮಾತು. ಹೇಳಿದೋಳು ದೇವೀರಮ್ಮ. ಹುಣಸೆಬಾವಿಯ ಮಾತಿಗೆ ಚೆಲುವಿ ತನ್ನ ಮಾತು ಬೆರೆಸಿ ಹೇಳ್ತಾಳೆ."

ಜನರ ನಡುವೆ ಗುಸುಗುಸು ಎದ್ದು ಅಷ್ಟೇ ಬೇಗ ನಿಂತಿತು. ಚೆಲುವಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳ ಕಾಲು ಕಾಣುತ್ತಿತ್ತು. ಅದು ಅಲುಗಲಿಲ್ಲ.

"ಎರಡನೆ ಮಾತು. ಹೇಳಿದೋಳು ಹಪ್ಪಳದ ರಂಗಮ್ಮ. ನನ್ನ ಮನೆ, ಹಿತ್ಲು, ಹಪ್ಪಳದ ಕಲ್ಲು, ಎಲ್ಲ ನಿಂಗಿಗೆ. ತಮ್ಮನ ಮಗ ಸೋಮಣ್ಣಂಗೆ ಏನೂ ಇಲ್ಲ."

ಬಾವಿ ಎರಡನ್ನೂ ತೆಗೆದುಕೊಂಡಿತು. ನಿಂಗಿ ಅಲ್ಲೇ ಕುಸಿದು ಕೂತು ಅತ್ತಳು. ಸೋಮಣ್ಣ ಏನೋ ಕೂಗಾಡಿದ, ಯಾರೂ ಕಿವಿಗೊಡಲಿಲ್ಲ. ಹಿರಿಬಾವಿಯಲ್ಲಿ ಬಿದ್ದ ಮಾತನ್ನು ಅಳಿಸಲು ಬರುವುದಿಲ್ಲ, ಅದರ ಮೇಲೆ ಇನ್ನೊಂದು ಹೇಳಬಹುದು ಅಷ್ಟೇ. ನಾನು ಮತ್ತೆ ಬಗ್ಗಿ, ಮೊದಲನೆಯದು ಸುಳ್ಳು, ಹೊಟ್ಟೆಕಿಚ್ಚಿಗೆ ಹೇಳಿದೆ ಎಂದು ಸೇರಿಸಿದೆ. ಅದನ್ನೂ ಬಾವಿ ತೆಗೆದುಕೊಂಡಿತು.

ಶೆಟ್ಟರು ನಿಂಗಿಯ ಕೈಯಿಂದ ದಾರ ತೆಗೆದುಕೊಂಡು ಹೆಬ್ಬೆರಳಲ್ಲಿ ಸವರಿ ನೋಡಿದರು. "ಹಳದಿಗೆ ಒಂದೇ ಗಂಟು. ಮೂರಿರ್ಬೇಕಾಗಿತ್ತಲ್ವಾ? ಇದು ಹೆಂಗಾಯ್ತು?"

ನಾನು ಬಾಯಿ ತೆರೆಯುವ ಮುಂಚೆ ಚೆಲುವಿ ಮಾತಾಡಿದಳು. "ಅದು ಬಾವೀಲೇ ಇದೆ ಶೆಟ್ರೇ. ಹಿರಿತನ ಬಂದ ಮೊದಲನೆ ದಿನಾನೇ ನಾನು ಹೇಳಿಟ್ಟಿದೀನಿ." ಅವಳು ಕಟ್ಟೆಗೆ ಬಗ್ಗಿ ಮೂರು ಸಲ ಕೂಗಿದಳು. ಬಾವಿ ಗುಂಯ್ ಎಂದಿತು. ಅದರ ಮಾತು ನನಗೂ ತಿಳಿಯಿತು, ಈರಯ್ಯಜ್ಜನಿಗೂ ತಿಳಿಯಿತು. ಚೆಲುವಿ ಅದನ್ನು ಒಂದು ಅಕ್ಷರ ಬೆರೆಸದೆ ಊರಿಗೆ ಬಿಡಿಸಿ ಹೇಳಿದಳು. "ಎಲ್ಲಾರ ದಾರದಲ್ಲೂ ಹಳದಿಗೆ ಒಂದೇ ಗಂಟು ಬಿದ್ದಿದೆ. ಅಕ್ಕನ ಕಣ್ಣು ಮಂಜಾಗಿದೆ, ಪಾಪ. ಯಾರೂ ಅವಳನ್ನ ಏನೂ ಅನ್ಬಾರ್ದು."

ಜನರೆಲ್ಲ ಅಯ್ಯೋ ಎಂದು ನನ್ನ ಕಡೆ ನೋಡಿದರು. ಗಿರಿಜವ್ವ ಲೊಚಗುಟ್ಟಿದಳು. ಶೆಟ್ಟರು ತಲೆಯಾಡಿಸಿ ದಾರವನ್ನು ನಿಂಗಿಗೆ ಹಿಂತಿರುಗಿಸಿದರು. ಅಲ್ಲಿಗೆ ಮುಗಿದಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಮಂಜುಗಣ್ಣಿನ ಮುದುಕಿ ಎಂದು ಊರು ಕ್ಷಮಿಸುತ್ತಿತ್ತು. ವಾರ ಕಳೆದರೆ ದಾರ ಕಟ್ಟುವ ಕೆಲಸವಾದರೂ ಉಳಿಯುತ್ತಿತ್ತು.

ಆದರೆ ಅವಳು ಕೊಟ್ಟ ಕಣ್ಣಿನ ಮಂಜನ್ನು ಹೊದ್ದುಕೊಂಡು ನಾನು ಬದುಕಿರುವುದೇ? ಅವಳ ಕರುಣೆಯನ್ನು ಉಂಡು? ಕಟ್ಟೆಯಿಂದ ಅವಳನ್ನು ಪಕ್ಕಕ್ಕೆ ಸರಿಸಿ ಮತ್ತೆ ಬಗ್ಗಿದೆ. ನನ್ನ ದನಿ ಗಾಣದ ಮನೆಯವರೆಗೆ ಕೇಳಿಸಿತಂತೆ.

"ಹೇಳೋಳು ದೇವೀರಮ್ಮ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಮುನ್ನೂರು ದಾರಕ್ಕೂ ಎಣಿಸಿ ಎಣಿಸಿ ಒಂದೇ ಗಂಟು ಹಾಕಿದೀನಿ."

ಹುಣಸೆಬಾವಿ ನಿಧಾನವಾಗಿ ಅದನ್ನೂ ತೆಗೆದುಕೊಂಡಿತು. ಆಗ ನಾನು ಚೆಲುವಿಯ ಮುಖ ನೋಡಿದೆ. ಅವಳ ಕಣ್ಣು ತುಂಬಿತ್ತು. ತುಟಿ ಮಾತ್ರ, ಚಿಕ್ಕಂದಿನಲ್ಲಿ ನನ್ನ ಬಳೆ ಒಡೆದು ಸಿಕ್ಕಿಬಿದ್ದಾಗ ಆಗುತ್ತಿದ್ದ ಹಾಗೆ, ನಗು ತಡೆದುಕೊಂಡಿತ್ತು.

"ನಂಗೆ ಗೊತ್ತಿತ್ತು ಕಣೆ ಅಕ್ಕ" ಎಂದಳು, ನನಗೊಬ್ಬಳಿಗೇ ಕೇಳುವಂತೆ.

ಹಿರಿತನ ಹುಣಸೆಬಾವಿಯಲ್ಲೇ ಉಳಿಯಿತು. ದಾರ ಕಟ್ಟುವ ಕೆಲಸ ಈಗ ಚೆಲುವಿಯದು. ಮೊನ್ನೆ ಯುಗಾದಿಗೆ ನಮ್ಮ ಮನೆಗೂ ಹೊಸ ದಾರ ತಂದುಕೊಟ್ಟಳು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಒಂದೊಂದೇ ಗಂಟು ಸವರಿ ನೋಡಿದೆ. ಹಳದಿಗೆ ಮೂರು, ನೀಲಿಗೆ ಮೂರು. ನನ್ನ ಕೆಂಪಿಗೆ ನಾಲ್ಕು ಹಾಕಿದ್ದಾಳೆ. ಬಾವಿಗೆ ಇನ್ನೂ ಗಂಟಲು ಸರಿಯಾಗಿಲ್ಲ, ಜನ ಸ್ವಲ್ಪ ಹೆಚ್ಚು ಕಾಯಲಿ ಎಂಬಂತೆ. ಮುನ್ನೂರು ಮನೆಗೂ ಹಾಗೆಯೇ ಕಟ್ಟಿದ್ದಾಳೆಂದು ಗಿರಿಜವ್ವ ಹೇಳಿದಳು. ಎಷ್ಟು ಒಳ್ಳೆಯವಳು ನಿಮ್ಮ ತಂಗಿ ಎಂದೂ ಹೇಳಿದಳು. ಹಾಲು ತೆಗೆದುಕೊಂಡು ಅವಳ ಮುಖದ ಮೇಲೆ ಬಾಗಿಲು ಹಾಕಿದೆ.